ತೊಂಬತ್ತೆಂಟರಲ್ಲಿ ಕೂತ ಸೀರೆ

ಮಾತು ಕೊಡುವುದರಲ್ಲಿ ಸುಮೇಧಾ ಬಲು ಧಾರಾಳಿ. ಓಣಿಯಲ್ಲಿ ಯಾರದಾದರೂ ಮನೆಯಲ್ಲಿ ಮುಂಜಿವೆ ಎಂದರೆ ಇನ್ನೂರು ಉಂಡಿ ನನ್ನ ಲೆಕ್ಕಕ್ಕೆ ಎಂದು ಹೇಳಿ ಬಂದುಬಿಡುವಳು. ಆಮೇಲೆ ಅತ್ತೆಯನ್ನೂ ಗಂಡನನ್ನೂ ಪರಾತದ ಮುಂದೆ ಕೂರಿಸಿ ಉಂಡಿ ಕಟ್ಟಿಸುವಳು. ಮನೆಯವರಿಗೆ ಇದು ರೂಢಿಯಾಗಿತ್ತು. ಆದರೆ ಕೊಟ್ಟ ಮಾತಿಗೆ ತಪ್ಪಿದಳು ಎಂದು ಧಾರವಾಡದ ಸಪ್ತಾಪುರದಲ್ಲಿ ಒಬ್ಬರೂ ಅಂದಿದ್ದಿಲ್ಲ. ಅದಕ್ಕೇ ೨೦೦೮ರ ಫೆಬ್ರುವರಿಯ ಒಂದು ಮುಂಜಾನೆ ಮುಗದ ಹಳ್ಳಿಯ ಸಾವಕ್ಕ ಬಂದು ಕಟ್ಟೆಯ ಮೇಲೆ ಕೂತು, ಹತ್ತು ವರ್ಷದ ಹಿಂದಿನ ಮಾತೊಂದನ್ನು ನೆನಪಿಸಿದಾಗ ಅವಳು ಇಲ್ಲವೆನ್ನುವಂತಿರಲಿಲ್ಲ.

ಆ ಮಾತು ಕೊಟ್ಟದ್ದು ೧೯೯೮ರಲ್ಲಿ. ಸುಮೇಧಾ ಆಗ ಹಳ್ಳಿ ಹಳ್ಳಿ ತಿರುಗಿ ಹಳೆಯ ಕಸೂತಿ ಸೀರೆಗಳನ್ನು ಹುಡುಕುತ್ತಿದ್ದಳು. ಸಿಕ್ಕ ಸೀರೆಯನ್ನು ಎಂಟು ದಿನಕ್ಕೆಂದು ಬೇಡಿ ತಂದು, ಎಳೆ ಎಣಿಸಿ, ಅದರ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿ, ಸೀರೆಯನ್ನು ಮಡಚಿ ಹಿಂದಿರುಗಿಸುತ್ತಿದ್ದಳು. ಸಾವಕ್ಕನದು ಕಪ್ಪು ಚಂದ್ರಕಾಳಿ ಸೀರೆ. ಅವಳ ಲಗ್ನಕ್ಕೆಂದು ಅವಳ ಅವ್ವ ಕೈಯಾರೆ ಗೋಪುರದ ಕಸೂತಿ ಹಾಕಿದ್ದು. ಅಂಥ ಗೋಪುರವನ್ನು ಸುಮೇಧಾ ಬೇರೆಲ್ಲೂ ನೋಡಿರಲಿಲ್ಲ. ಆದರೆ ಸೀರೆ ಮಡಿಕೆ ಮಡಿಕೆಗೂ ಹರಿದಿತ್ತು. ಮನೆಯಲ್ಲಿ ಎರಡನೇ ಮೊಮ್ಮಗು ಹುಟ್ಟುವುದಿತ್ತು, ತೊಟ್ಟಿಲಿಗೆ ಕೌದಿ ಬೇಕಿತ್ತು, ಕೌದಿಗೆ ಹಳೆಯ ಸೀರೆ ಬೇಕಿತ್ತು. ಅದೊಂದಕ್ಕೆ ಮಾತ್ರ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ ಎಂದು ಸಾವಕ್ಕ ಸೀರೆ ಒಯ್ಯಲು ಬಂದಾಗ ಹೇಳಿಕೊಂಡಿದ್ದಳು.

ಆಗ ಸುಮೇಧಾ ಕಂಪ್ಯೂಟರಿನ ತಲೆಯ ಮೇಲೆ ಕೈಯಿಟ್ಟು, "ನಿಮ್ಮ ಸೀರಿ ಇದರಾಗ ಕೂತದ, ಸಾವಕ್ಕಾ. ಅರಿವಿ ಹೋದ್ರೂ ಸೀರಿ ಹೋಗೂದಿಲ್ಲ. ನೀವು ಧೈರ್ಯಲೆ ಕತ್ತರಿ ಹಾಕ್ರಿ. ನಿಮ್ಮ ಮೊಮ್ಮಗಳ ಲಗ್ನಕ್ಕ ಹಂಗಂಗs ಮಾಡಿಕೊಡತೀನಿ" ಎಂದಿದ್ದಳು. ಮೊಮ್ಮಗಳು ಗೀತಾಂಜಲಿಗೆ ಆಗ ಹತ್ತು ವರ್ಷ. ಹತ್ತು ವರ್ಷದ ಹುಡುಗಿಯ ಲಗ್ನದ ಮಾತು ಕೊಡುವುದೇನು ದೊಡ್ಡ ವಿಷಯ?

ಈಗ ಗೀತಾಂಜಲಿಗೆ ಗಂಡು ಗೊತ್ತಾಗಿತ್ತು. ಏಪ್ರಿಲ್‌ನಲ್ಲಿ ಲಗ್ನ. ಸಾವಕ್ಕನಿಗೆ ಎಪ್ಪತ್ತೈದು ದಾಟಿತ್ತು, ಕಣ್ಣು ಮಸುಕಾಗಿದ್ದವು. ಕೌದಿ ಎರಡು ಮೂರು ಕೂಸುಗಳ ಉಚ್ಚೆಯನ್ನೂ ಹಳ್ಳದ ಬಂಡೆಯ ಒಗೆತವನ್ನೂ ತಿಂದು ಎಂದೋ ಎಳೆ ಎಳೆಯಾಗಿ ಹೋಗಿತ್ತು. ಮುದುಕಿ ಮಾತಾಡುವಾಗೆಲ್ಲ ಉಟ್ಟ ಸೀರೆಯ ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸವರುತ್ತಿದ್ದಳು. ಅದೊಂದು ಚಾಳಿ ಎಂದುಕೊಂಡು ಸುಮೇಧಾ ಅದಕ್ಕೆ ಲಕ್ಷ್ಯ ಕೊಡಲಿಲ್ಲ. ಹೊರಡುವಾಗ ಸಾವಕ್ಕ ಒಂದು ಮಾತು ಅಂದಳು, ಅದರಲ್ಲಿ ಸಿಟ್ಟೂ ಇರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ.

"ನೀವು ಅಂದ್ರಿ ಅಂತ ನಾ ಕತ್ತರಿ ಹಾಕಿದ್ನಿರಿ, ಬಾಯಾರ."

ಸುಮೇಧಾ ಆಗಲೆಂದಳು. ಸೀರೆ ತಯಾರಾಗುತ್ತದೆ, ಚಿಂತೆ ಬೇಡ ಎಂದು ಬಸ್ಸಿನವರೆಗೂ ಹೋಗಿ ಕಳಿಸಿ ಬಂದಳು. ಬಂದವಳೇ ಕಪಾಟಿನಿಂದ, ಚಿತ್ತಾರಗಳನ್ನು ಇಳಿಸಿಟ್ಟಿದ್ದ ಹಳೆಯ ಸಿ.ಡಿ. ತೆಗೆದು ಕಂಪ್ಯೂಟರಿಗೆ ಹಾಕಿದಳು. ಆಗ ಗೊತ್ತಾಯಿತು, ತಾನು ಎಂಥ ಇಕ್ಕಟ್ಟಿನಲ್ಲಿ ಸಿಕ್ಕಿದ್ದೇನೆ ಎಂದು.

ಚಿತ್ತಾರ ಬರೆಯುವ ಆ ಪ್ರೋಗ್ರಾಮನ್ನು ಹುಬ್ಬಳ್ಳಿಯ ಒಬ್ಬ ಉತ್ಸಾಹಿ ತರುಣ ಮಾಡಿದ್ದ. ಹನ್ನೊಂದು ಪ್ರತಿ ಮಾರಿ, ಇದರಲ್ಲಿ ಹೊಟ್ಟೆ ತುಂಬುವುದಿಲ್ಲವೆಂದು ಸಿಮೆಂಟಿನ ವ್ಯಾಪಾರಕ್ಕೆ ಇಳಿದಿದ್ದ. ಪ್ರೋಗ್ರಾಮಿನ ಜೊತೆ ಹೆಬ್ಬೆರಳಷ್ಟು ದಪ್ಪದ ಒಂದು ಬೀಗ ಕೊಟ್ಟಿದ್ದ. ಅದನ್ನು ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರಿನ ತೂತಿಗೆ ಸಿಕ್ಕಿಸಿದರೆ ಮಾತ್ರ ಪ್ರೋಗ್ರಾಂ ತೆರೆಯುತ್ತಿತ್ತು. ಆಗ ಇದ್ದದ್ದು ವಿಂಡೋಸ್ ತೊಂಬತ್ತೆಂಟು. ೨೦೦೫ರಲ್ಲಿ ಗಂಡ ಶ್ರೀರಂಗ ತನ್ನ ಪಿಎಚ್.ಡಿ. ಪ್ರಬಂಧಕ್ಕೆಂದು ಹಳೆಯ ಡಬ್ಬ ಕೊಟ್ಟು ಹೊಸದು ತಂದ. ಅದರಲ್ಲಿ ಹೊಸ ವಿಂಡೋಸ್ ಎಕ್ಸ್‌ಪಿ ಇತ್ತು. ಬಳಕೆಯ ನಲವತ್ತು ಚಿತ್ತಾರಗಳ ಅಚ್ಚು ಕಾಗದದ ಮೇಲೆ ಇದ್ದದ್ದರಿಂದ ಸುಮೇಧಾ ಮೂರು ವರ್ಷ ಆ ಪ್ರೋಗ್ರಾಮಿನ ಗೊಡವೆಗೇ ಹೋಗಿರಲಿಲ್ಲ. ಮುಗದದ ಗೋಪುರ ಒಂದು ಹಾಳೆಯಲ್ಲಿ ಹಿಡಿಸುವಂಥದಲ್ಲ, ಹಾಗಾಗಿ ಅದರ ಅಚ್ಚು ತೆಗೆದಿರಲಿಲ್ಲ. ಈಗ ಎಕ್ಸ್‌ಪಿಯಲ್ಲಿ ಪ್ರೋಗ್ರಾಂ ತೆರೆದರೆ ಅದು 'ಬೀಗ ಇಲ್ಲ' ಎಂದು ಹೇಳಿ ಮುಚ್ಚಿಕೊಳ್ಳುತ್ತಿತ್ತು. ಬೀಗ ಅದರ ಬೆನ್ನಿಗೇ ಇತ್ತು. ಎಕ್ಸ್‌ಪಿಗೆ ಅದು ಕಾಣಿಸುತ್ತಿರಲಿಲ್ಲ ಅಷ್ಟೇ.

ನೆನಪಿನಿಂದ ಹಾಕೋಣವೆಂದರೆ ಗೋಪುರದ ಒಟ್ಟು ರೂಪ ಕಣ್ಣ ಮುಂದಿತ್ತು, ಎಣಿಕೆ ಇರಲಿಲ್ಲ. ಕಸೂತಿಯಲ್ಲಿ ಎಣಿಕೆ ಇಲ್ಲದಿದ್ದರೆ ಏನೂ ಇಲ್ಲ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಳ್ಳುವ ಪದ್ಧತಿಯೇ ಅಲ್ಲಿಲ್ಲ. ಎಳೆ ಎಣಿಸಿ ಸೂಜಿ ಊರಬೇಕು. ಗವಂತಿ ಹೊಲಿಗೆಯಲ್ಲಿ ದಾರ ಹೋಗುವಾಗ ಒಂದು ಬಿಟ್ಟು ಒಂದು ಜಾಗ ತುಂಬುತ್ತದೆ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಸೀರೆಯ ಒಳಮೈ ಹೊರಮೈ ಎರಡೂ ಒಂದೇ ಥರ. ಗಂಟು ಹಾಕುವಂತಿಲ್ಲ. ಸೀರೆಯನ್ನು ಮಗುಚಿದಾಗ ಒಂದು ಗಂಟು ಕಂಡರೂ ಹಾಕಿದವಳಿಗೆ ಕೆಲಸ ಬರುವುದಿಲ್ಲ ಎಂದು ತೀರ್ಮಾನ.

ಊರಲ್ಲಿ ತೊಂಬತ್ತೆಂಟು ಇರುವ ಕಂಪ್ಯೂಟರಿಗಾಗಿ ಅವಳು ಒಂದು ವಾರ ಅಲೆದಳು. ಎರಡು ಸಿಕ್ಕವು. ಒಂದರ ಪ್ರಿಂಟರಿನ ತೂತು ಸತ್ತಿತ್ತು. ಇನ್ನೊಂದು ಯಾವುದೋ ಕಚೇರಿಯದು. ಅಲ್ಲಿಯ ಗುಮಾಸ್ತ ಹೊರಗಿನ ಬೀಗ ನಮ್ಮ ಯಂತ್ರಕ್ಕೆ ಸಿಕ್ಕಿಸಬಾರದು ಎಂದು ಅದರ ಮುಂದೆ ಅಡ್ಡ ನಿಂತ. ಕೊನೆಗೆ ಸುಮೇಧಾ ಲೈನ್ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಸೇನಬಾಷಾನ ಅಂಗಡಿಗೆ ಹೋದಳು. ಮನೆಯ ಯಂತ್ರವನ್ನು ಜೋಡಿಸಿಕೊಟ್ಟವನು ಅವನೇ.

ಅವಳ ಕಥೆ ಕೇಳಿ ಅವನು ಒಂದೇ ಪರಿಹಾರ ಹೇಳಿದ. ಎಲ್ಲ ಅಳಿಸಿ ತೊಂಬತ್ತೆಂಟು ಹಾಕೋಣ, ಚಿತ್ತಾರ ತೆಗೆದುಕೊಳ್ಳಿ, ಮತ್ತೆ ಅಳಿಸಿ ಎಕ್ಸ್‌ಪಿ ಹಾಕೋಣ. ಅವನಿಗೆ ಜಗತ್ತಿನ ಎಲ್ಲ ರೋಗಕ್ಕೂ ಇದೊಂದೇ ಔಷಧ. ಸುಮೇಧಾ ಆಗುವುದಿಲ್ಲ ಎಂದಳು. ಮಾರ್ಚಿ ಕೊನೆಗೆ ಶ್ರೀರಂಗ ಪ್ರಬಂಧ ಒಪ್ಪಿಸಬೇಕು. ಧಾರವಾಡ ತಾಲೂಕಿನ ಕೆರೆಗಳ ಮೇಲೆ ನಾಲ್ಕು ವರ್ಷ ಬರೆದದ್ದು. ಈಗಿರುವುದು ಇದ್ದ ಹಾಗೇ ನಡೆಯುತ್ತಿರಬೇಕು, ಹಳೆಯದೂ ಪಕ್ಕದಲ್ಲಿ ಬಂದು ಕೂರಬೇಕು, ಅಷ್ಟೇ ತನಗೆ ಬೇಕಾದದ್ದು ಎಂದಳು.

ಹುಸೇನಬಾಷಾ ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡ. "ಹಳೇದಿದ್ದಲ್ಲೆ ಹೊಸಾದು ಹಾಕೂದು ಸರಳ ಐತ್ರಿ. ಹೊಸಾದಕ್ಕ ಹಳೇದರ ಗುರ್ತ ಇರ್ತದ. ಹಳೇದಕ್ಕ ಹೊಸಾದರ ಗುರ್ತ ಹೆಂಗ ಇರಬೇಕು? ಅದು ಒಳಗ ಬಂದಕೂಡ್ಲೇ ಮನಿ ನಂದ, ಬಾಗಲಾ ನಂದ ಅಂತದ. ನಿಮ್ಮ ಎಕ್ಸ್‌ಪಿ ಒಳಗ ಕುಂತಿರ್ತದ, ಬಾಗಲಾ ಇರೂದಿಲ್ಲ."

ಬಾಗಿಲು ಮತ್ತೆ ಕೂರಿಸಲು ಬರುವುದಿಲ್ಲವೇ ಎಂದು ಅವಳು ಕೇಳಿದಳು. ಬರುತ್ತದೆ, ಆದರೆ ತಾನು ಕೈ ಹಾಕುವುದಿಲ್ಲ. ಹೆಚ್ಚುಕಡಿಮೆಯಾದರೆ ಶ್ರೀರಂಗ ಸರ್ ನೇರವಾಗಿ ತನ್ನ ಅಂಗಡಿಗೆ ಬರುತ್ತಾರೆ ಎಂದ ಅವನು. ಹಾಗಾದರೆ ಹೇಗೆಂದು ಹೇಳು, ನಾನೇ ಮಾಡುತ್ತೇನೆ ಎಂದು ಸುಮೇಧಾ ಚೌಕಳಿ ವಹಿ ತೆಗೆದು ಕೂತಳು. ಅವನು ನಕ್ಕ, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿ ಒಂದೊಂದೇ ಹೆಜ್ಜೆ ಹೇಳುತ್ತ ಹೋದ. ಡಿಸ್ಕಿನ ಎರಡನೇ ಪಾಲು ಖಾಲಿ ಮಾಡಿಕೊಂಡು ತೊಂಬತ್ತೆಂಟನ್ನು ಅಲ್ಲಿ ಹಾಕಬೇಕು. ಮೆಮರಿಯ ಎರಡು ಪಟ್ಟಿಗಳಲ್ಲಿ ಒಂದನ್ನು ಕಿತ್ತಿಡಬೇಕು, ಅಷ್ಟೊಂದು ಮೆಮರಿ ಹಳೆಯದಕ್ಕೆ ಅರಗುವುದಿಲ್ಲ. ಅದು ಬಂದು ಕೂತ ಮೇಲೆ ಅದರ ಆರಂಭದ ತುಣುಕನ್ನು ಪಕ್ಕಕ್ಕೆ ನಕಲು ಮಾಡಿಡಬೇಕು. ಕೊನೆಗೆ ಎಕ್ಸ್‌ಪಿಯ ಸಿ.ಡಿ. ಹಾಕಿ ಒಂದೇ ಶಬ್ದದ ಆಜ್ಞೆ ಕೊಟ್ಟರೆ ಬಾಗಿಲು ಮರಳಿ ಕೂರುತ್ತದೆ. "ತೊಂಬತ್ತೆಂಟು ಬಂತಂತ ಖುಷಿಲೆ ಆಟಾ ಆಡಕೋತ ಕುಂದ್ರಬ್ಯಾಡ್ರಿ. ಮದಲ ಎಕ್ಸ್‌ಪಿ ಎಬ್ಬಸ್ರಿ" ಎಂದು ಎಚ್ಚರಿಸಿದ.

ಶ್ರೀರಂಗ ಸಾಧು ಮನುಷ್ಯ. ಅವನು ಸಿಟ್ಟಿಗೆದ್ದರೆ ದನಿ ಏರುವುದಿಲ್ಲ, ಇನ್ನಷ್ಟು ಇಳಿಯುತ್ತದೆ. ವಿಷಯ ಕೇಳಿದ ಮೇಲೆ ಅವನ ದನಿ ಎಷ್ಟು ಇಳಿಯಿತೆಂದರೆ ಮಾತು ಕೇಳಲು ಸುಮೇಧಾ ಮುಂದೆ ಬಾಗಬೇಕಾಯಿತು. ಪ್ರಬಂಧ ಮುಗಿಯಲಿ, ಏಪ್ರಿಲ್‌ನಲ್ಲಿ ಮಾಡು ಎಂದ. ಏಪ್ರಿಲ್‌ನಲ್ಲಿ ಲಗ್ನ, ಸೀರೆಗೆ ನಾಲ್ಕು ಕೈ ಹಚ್ಚಿದರೂ ಒಂದು ತಿಂಗಳು ಬೇಕು ಎಂದು ಅವಳು ವಾದಿಸಿದಳು. ಬೇರೆ ಗೋಪುರ ಹಾಕಿದರೆ ಮುದುಕಿಗೆ ಗೊತ್ತಾಗುವುದೇ, ಕಣ್ಣೂ ಕಾಣುವುದಿಲ್ಲವಲ್ಲ ಎಂದ ಅವನು. ಆಡಿದ ಕೂಡಲೇ ಅದು ಆಡಬಾರದ ಮಾತೆಂದು ಅವನಿಗೇ ತಿಳಿಯಿತು.

ಸುಮೇಧಾ ಸಾವಕಾಶವಾಗಿ ಹೇಳಿದಳು: "ಆಕಿ ಕಡೆ ಒಂದು ಸೀರಿ ಇತ್ತು. ನಾ ಕತ್ತರಿ ಹಾಕಿಸಿದೆ. ಹಂಗಂದ ಮ್ಯಾಲೆ ಅದನ್ನ ತಂದು ಕೊಡೂದು ಯಾರ ಕೆಲಸ, ನೀವ ಹೇಳ್ರಿ."

ಶ್ರೀರಂಗ, ಸೋಮವಾರ ಮುಂಜಾನೆ ತಾನು ಕೂತಾಗ ತನ್ನದು ಹೇಗಿತ್ತೋ ಹಾಗೇ ತೆರೆಯಬೇಕು ಎಂದ. ತೆರೆಯುತ್ತದೆ ಎಂದು ಅವಳು ಮಾತು ಕೊಟ್ಟಳು. ಹೀಗೆ ಒಂದು ಮಾತು ಉಳಿಸಿಕೊಳ್ಳಲು ಇನ್ನೊಂದು ಮಾತು ಕೊಟ್ಟಾಯಿತು.

ಭಾನುವಾರ ಶ್ರೀರಂಗ ಹುಬ್ಬಳ್ಳಿಯಲ್ಲಿ ಸೋದರತ್ತೆಯ ಮನೆಯ ವಾಸ್ತುಶಾಂತಿಗೆ ಹೋದ. ಅತ್ತೆ ಅಂಬಾಬಾಯಿ ಮೊಣಕಾಲಿನ ನೆವ ಹೇಳಿ ಮನೆಯಲ್ಲೇ ಉಳಿದರು. ಖರೇ ಕಾರಣ ಏನಾಗುತ್ತದೋ ನೋಡುವ ಕುತೂಹಲ. ಸುಮೇಧಾ ಪ್ರಬಂಧವನ್ನು ಎರಡು ಸಿ.ಡಿ.ಗಳಿಗೆ ನಕಲು ಮಾಡಿದಳು. ಬೇಕಾದ ಸಾಮಾನನ್ನೆಲ್ಲ ಟೇಬಲಿನ ಮೇಲೆ ಸಾಲಾಗಿ ಇಟ್ಟಳು: ತೊಂಬತ್ತೆಂಟರ ಸಿ.ಡಿ., ಚಿತ್ತಾರಗಳ ಸಿ.ಡಿ., ಬೀಗ, ಎಕ್ಸ್‌ಪಿಯ ಸಿ.ಡಿ. ಕೊನೆಯದನ್ನು ಲಕೋಟೆಯ ಮೇಲಿಂದಲೇ ಒತ್ತಿ ನೋಡಿ, ಒಳಗಿದೆ ಎಂದು ಖಾತ್ರಿ ಮಾಡಿಕೊಂಡಳು. ಹೊರಗೆ ತೆಗೆದು ನೋಡಲಿಲ್ಲ. ತಪ್ಪಿದ್ದು ಅಲ್ಲೇ.

ಡಬ್ಬದ ಮಗ್ಗುಲು ಬಿಚ್ಚಿ ಮೆಮರಿಯ ಒಂದು ಪಟ್ಟಿ ಕಿತ್ತು ಸೂಜಿಯ ಡಬ್ಬಿಯಲ್ಲಿ ಇಟ್ಟಳು. ತೊಂಬತ್ತೆಂಟನ್ನು ಹಾಕಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟು ಹೊತ್ತೂ ಕರೆಂಟು ಹೋಗದಿರಲಿ ಎಂದು ಅಂಬಾಬಾಯಿ ದೇವರ ಮನೆಯಲ್ಲಿ ತುಪ್ಪದ ದೀಪ ಹಚ್ಚಿ ಕೂತಿದ್ದರು. ಹನ್ನೆರಡರ ಸುಮಾರಿಗೆ ಪರದೆಯ ಮೇಲೆ ಹಳೆಯ ನೀಲಿ ಆಕಾಶ, ಬಿಳಿ ಮೋಡ ಮೂಡಿದವು. ಎಷ್ಟೋ ವರ್ಷದ ಮೇಲೆ ತವರಿನವರು ಯಾರೋ ಬಾಗಿಲಲ್ಲಿ ನಿಂತ ಹಾಗಾಯಿತು ಸುಮೇಧಾಳಿಗೆ. ಕೂಡಲೇ ಚಿತ್ತಾರ ತೆರೆಯಲು ಕೈ ತುಡಿಯಿತು. ಹುಸೇನಬಾಷಾನ ಮಾತು ನೆನೆದು ಕೈ ಹಿಂದೆ ತೆಗೆದುಕೊಂಡಳು. ಆರಂಭದ ತುಣುಕನ್ನು ನಕಲು ಮಾಡಿಟ್ಟಳು. ಯಂತ್ರ ಮತ್ತೆ ಚಾಲೂ ಮಾಡಿ ನೋಡಿದರೆ, ಅವನು ಹೇಳಿದ್ದ ಹಾಗೆ ನೇರವಾಗಿ ತೊಂಬತ್ತೆಂಟೇ ಬಂತು. ಎಕ್ಸ್‌ಪಿಯ ಸುಳಿವೇ ಇರಲಿಲ್ಲ. ಸರಿ, ಈಗ ಬಾಗಿಲು ಕೂರಿಸೋಣವೆಂದು ಎಕ್ಸ್‌ಪಿಯ ಸಿ.ಡಿ.ಯನ್ನು ಲಕೋಟೆಯಿಂದ ಎಳೆದಳು.

ಸಿ.ಡಿ.ಯ ಹೊಳೆಯುವ ಮೈಮೇಲೆ ಮೂರು ದೊಡ್ಡ ಬೊಟ್ಟುಗಳಿದ್ದವು. ಕುಂಕುಮ, ಅದರ ಕೆಳಗೆ ಅರಿಷಿಣ, ಅದಕ್ಕೊಂದಿಷ್ಟು ಅಕ್ಷತೆಯ ಕಾಳು ಅಂಟಿಕೊಂಡು ಒಣಗಿತ್ತು. ಮೂರು ಖಂಡೇನವಮಿಯ ಪೂಜೆ. ಪ್ರತಿ ವರ್ಷ ಆ ದಿನ ಮನೆಯಲ್ಲಿ ಕತ್ತರಿ, ಸೂಜಿ, ಇಳಿಗೆಮಣೆ, ಶ್ರೀರಂಗನ ಸ್ಕೂಟರು ಎಲ್ಲಕ್ಕೂ ಪೂಜೆ ಆಗುತ್ತಿತ್ತು. ಕಂಪ್ಯೂಟರಿಗೂ ಆಗುತ್ತಿತ್ತು. ಆದರೆ ಅದರ ಜೊತೆಗೆ ಇದಕ್ಕೂ ಆಗುತ್ತದೆಂದು ಸುಮೇಧಾಳಿಗೆ ಗೊತ್ತಿರಲಿಲ್ಲ.

ಅಂಬಾಬಾಯಿ ಬಂದು ನೋಡಿ ಮೆಲ್ಲಗೆ ಒಪ್ಪಿಕೊಂಡರು. ಯಂತ್ರದ ಜೀವ ಇದರಲ್ಲೇ ಇದೆ ಎಂದು ಹುಸೇನಬಾಷಾ ಕೊಟ್ಟು ಹೋಗುವಾಗ ಹೇಳಿದ್ದ. ಜೀವ ಇರುವುದಕ್ಕೆ ಪೂಜೆ ಮಾಡದೆ ಬರೀ ಡಬ್ಬಕ್ಕೆ ಮಾಡಿದರೆ ಏನು ಬಂತು? ಅಕ್ಷರವಿದ್ದ ಮೈ ಬಿಟ್ಟು ಹೊಳೆಯುವ ಮೈಗೇ ಯಾಕೆ ಹಚ್ಚಿದಿರಿ ಎಂದು ಸೊಸೆ ಕೇಳಿದಳು. ಅದೇ ಅದರ ಮುಖವೆಂದು ತಿಳಿದೆ ಎಂದರು ಅವರು. ಸುಮೇಧಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಸಿ.ಡಿ. ಹಾಕಿ ನೋಡಿದಳು. ಡ್ರೈವ್ ಗೊರ್ ಎಂದು ನಾಲ್ಕು ಸಲ ತಿರುಗಿ ಸುಮ್ಮನಾಯಿತು. ಹುಸೇನಬಾಷಾನಿಗೆ ಫೋನ್ ಹಚ್ಚಿದರೆ ಅವನು ಭಾನುವಾರದ ದಿನ ಯಾವುದೋ ಲಗ್ನಕ್ಕೆ ಬೆಳಗಾವಿಯಲ್ಲಿದ್ದ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ವಾಸ್ತುಶಾಂತಿಯ ಊಟ ಬೇಗ ಮುಗಿದು ಶ್ರೀರಂಗ ಎರಡು ಗಂಟೆಗೇ ಬಂದಿದ್ದ. ಬಿಚ್ಚಿದ ಡಬ್ಬ, ಮೋಡದ ಪರದೆ, ಹೆಂಡತಿಯ ಕೈಯಲ್ಲಿ ಕುಂಕುಮ ಹಚ್ಚಿದ ಸಿ.ಡಿ., ಗೋಡೆಗೆ ಆತು ನಿಂತ ತಾಯಿ, ಎಲ್ಲವನ್ನೂ ಒಮ್ಮೆ ನೋಡಿದ. ಅಂಬಾಬಾಯಿ, ಬೈಯುವುದಿದ್ದರೆ ನನ್ನನ್ನು ಬೈ, ಇವಳದೇನೂ ತಪ್ಪಿಲ್ಲ ಎಂದರು. ಅವನು ಯಾರನ್ನೂ ಬೈಯಲಿಲ್ಲ. ಕುರ್ಚಿ ಎಳೆದು ಕೂತು, ಬಹಳ ಇಳಿದ ದನಿಯಲ್ಲಿ, ನನ್ನದು ಎಲ್ಲಿದೆ ಎಂದು ಕೇಳಿದ.

"ಅಲ್ಲೇ ಅದ. ಬಾಗಲಾ ಇಲ್ಲ. ಇನ್ನೂ ಸೋಮವಾರ ಆಗಿಲ್ಲ" ಎಂದಳು ಸುಮೇಧಾ.

ಹೆದರಿಕೆ ಆಗಿರಲಿಲ್ಲವೆಂದಲ್ಲ. ಆದರೆ ಹೆದರಿಕೆ ಆದಾಗ ಅವಳ ಕೈ ಇನ್ನೂ ಸಾವಕಾಶವಾಗುತ್ತಿತ್ತು. ಅದು ಇಪ್ಪತ್ತು ವರ್ಷ ಎಳೆ ಎಣಿಸಿದ ಕೈ. ಸಿ.ಡಿ. ಹಿಡಿದು ಅಡಿಗೆಮನೆಗೆ ಹೋದಳು. ಕುಂಕುಮ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಇದು ಮುತ್ತೈದೆಯರಿಗೆಲ್ಲ ಗೊತ್ತು. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ನೆನೆಯಲು ಬಿಟ್ಟಳು. ಅಕ್ಷತೆಯ ಕಾಳುಗಳು ತಾವೇ ಕಳಚಿ ಬಂದವು. ಆಮೇಲೆ ರೇಷ್ಮೆ ಸೀರೆ ತೊಳೆಯುವ ಅಂಟವಾಳದ ನೀರಿನಲ್ಲಿ ಅದ್ದಿ, ಹಳೆಯ ಧೋತರದ ತುಂಡಿನಿಂದ ಒರೆಸಿದಳು. ಗುಂಡಗೆ ತಿಕ್ಕಲಿಲ್ಲ. ಕಸೂತಿ ಸೀರೆಯನ್ನು ಎಳೆಯ ನೇರಕ್ಕೆ ಒರೆಸುವಂತೆ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ. ಮೂರು ಸಲ ಎಣ್ಣೆ, ಮೂರು ಸಲ ಅಂಟವಾಳ. ಕೆಂಪು ಹೋಯಿತು. ಅರಿಷಿಣದ ತೆಳ್ಳನೆಯ ಹಳದಿ ಮಾತ್ರ ಉಳಿಯಿತು, ಕೆಳಗೆ ಎರಡು ಗೀರು.

ಸಿ.ಡಿ. ಮತ್ತೆ ಒಳಗೆ ಹೋಯಿತು. ಡ್ರೈವ್ ತಿರುಗಿತು, ನಿಂತಿತು, ತಿರುಗಿತು. ಓದಲು ಬರುತ್ತಿಲ್ಲ ಎಂದಿತು ಪರದೆ. ಸುಮೇಧಾ ತೆಗೆದು ಮತ್ತೆ ತೊಳೆದಳು. ಎರಡನೇ ಸಲವೂ ಅದೇ. ಇನ್ನು ನಾಳೆ ಹುಸೇನಬಾಷಾನನ್ನೇ ಕರೆಯೋಣ ಎಂದು ಶ್ರೀರಂಗ ಅಂದ. ಅವಳು ಮೂರನೇ ಸಲ ತೊಳೆಯಲು ಹೋದಳು. ಈ ಸಲ ಅಂಬಾಬಾಯಿ ಕಾಲೆಳೆಯುತ್ತ ಬಂದು, ತಮ್ಮ ಮಡಿಯ ಪೆಟ್ಟಿಗೆಯಿಂದ ಗಂಡನ ಹಳೆಯ ಪಂಚೆಯೊಂದನ್ನು ಹರಿದು ಕೊಟ್ಟರು. ಅಷ್ಟು ಮೆತ್ತಗಿನ ಬಟ್ಟೆ ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

ಮೂರನೇ ಸಲ ಡ್ರೈವ್ ಬಹಳ ಹೊತ್ತು ತಿರುಗಿತು. ಪರದೆಯ ಮೇಲೆ ನೀಲಿ ಬಂತು, ಬಿಳಿ ಅಕ್ಷರ ಒಂದೊಂದೇ ಸಾಲು ಇಳಿಯತೊಡಗಿದವು. ನಡುವೆ ಎರಡು ಸಲ ನಿಂತೇ ಬಿಟ್ಟಿತು ಅನ್ನಿಸಿತು. ಕೊನೆಗೆ ಆಜ್ಞೆ ಬರೆಯುವ ಗೆರೆ ಮಿನುಗಿತು. ಸುಮೇಧಾ ವಹಿ ನೋಡಿ ಆ ಒಂದು ಶಬ್ದವನ್ನು ಅಕ್ಷರ ಅಕ್ಷರ ಎಣಿಸಿ ಒತ್ತಿದಳು. ಖರೇ ಹೌದೇ ಎಂದು ಯಂತ್ರ ಕೇಳಿತು. ಹೌದು ಎಂದಳು. ಸಿ.ಡಿ. ತೆಗೆದು ಯಂತ್ರವನ್ನು ಮತ್ತೆ ಎಬ್ಬಿಸಿದಳು. ಎಕ್ಸ್‌ಪಿ ಎದ್ದಿತು. ಅದರೊಳಗೆ ಹೋಗಿ, ವಹಿಯಲ್ಲಿದ್ದಂತೆ ತೊಂಬತ್ತೆಂಟರ ಹೆಸರನ್ನೂ ಒಂದು ಸಾಲು ಸೇರಿಸಿ, ಇನ್ನೊಮ್ಮೆ ಎಬ್ಬಿಸಿದಾಗ ಕಪ್ಪು ಪರದೆಯ ಮೇಲೆ ಎರಡು ಹೆಸರು ಒಂದರ ಕೆಳಗೊಂದು ಬಂದು ನಿಂತವು. ಯಾವುದು ಬೇಕು, ಆರಿಸು ಎಂದು.

ಅವಳು ಎದ್ದು ಗಂಡನಿಗೆ ಕುರ್ಚಿ ಬಿಟ್ಟುಕೊಟ್ಟಳು. ಶ್ರೀರಂಗ ಮೇಲಿನ ಸಾಲು ಒತ್ತಿದ. ಪ್ರಬಂಧ ತೆರೆದ. ಐದನೇ ಅಧ್ಯಾಯ, ನಿನ್ನೆ ನಿಲ್ಲಿಸಿದ್ದ ವಾಕ್ಯ ಅರ್ಧಕ್ಕೇ ನಿಂತಿತ್ತು. ಅದನ್ನು ಪೂರ್ತಿ ಮಾಡಿ, ಉಳಿಸಿ, ಮುಚ್ಚಿದ. ಸ್ವಲ್ಪ ಮೈಗಳ್ಳ ಆಗಿದೆ ಎಂದು ಗೊಣಗಿದ. ಮೆಮರಿಯ ಪಟ್ಟಿ ಸೂಜಿಯ ಡಬ್ಬಿಯಲ್ಲಿದೆ ಎಂದು ಅವನಿಗೆ ಆಗಿನ್ನೂ ಹೇಳಿರಲಿಲ್ಲ. ಆಮೇಲೆ ಅವನೇ ಕುರ್ಚಿ ಬಿಟ್ಟು ಎದ್ದ.

"ಈಗ ಇನ್ನೊಂದನ್ನ ತೆರಿ. ಆ ಗೋಪುರ ಹೆಂಗದ ನಾನೂ ನೋಡ್ತೀನಿ."

ತೊಂಬತ್ತೆಂಟಕ್ಕೆ ಬೀಗ ಕಂಡಿತು. ಸಾವಕ್ಕನ ಸೀರೆ ಪರದೆಯ ತುಂಬ ಹರಡಿಕೊಂಡಿತು. ಒಂಬತ್ತು ಮೆಟ್ಟಿಲ ಗೋಪುರ, ಎರಡೂ ಬದಿಗೆ ದೀಪಗಂಬ, ಕೆಳಗೆ ಆನೆಗಳ ಸಾಲು. ಸುಮೇಧಾಳ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲೂ ಇಲ್ಲ. ಎಡಗಡೆ ಮೂರನೇ ಮೆಟ್ಟಿಲಲ್ಲಿ ಒಂದು ಚೌಕ ಮಾತ್ರ ಕೆಂಪಾಗಿತ್ತು. ಇದೇನೆಂದು ಶ್ರೀರಂಗ ಕೇಳಿದ. ಅವಳಿಗೂ ಕೂಡಲೇ ನೆನಪಾಗಲಿಲ್ಲ. ಸೀರೆಯ ಒಳಮೈ ನೋಡುವಾಗ ಅಲ್ಲಿ ಒಂದು ಗಂಟು ಸಿಕ್ಕಿತ್ತು. ಇಷ್ಟು ಛಲೋ ಕೈಯವಳು ಇಲ್ಲಿ ಯಾಕೆ ಗಂಟು ಹಾಕಿದಳಪ್ಪ ಎಂದು ಸ್ವಲ್ಪ ತಾತ್ಸಾರದಿಂದಲೇ, ಇದನ್ನು ಬಿಡಬೇಕು ಎಂದು ಗುರುತಿಗೆ ಕೆಂಪು ತುಂಬಿದ್ದಳು.

ಹೊಸ ಪ್ರಿಂಟರು ತೊಂಬತ್ತೆಂಟರ ಮಾತು ಕೇಳಲಿಲ್ಲ. ಅದಕ್ಕೂ ಅವಳು ಬಗ್ಗಲಿಲ್ಲ. ಪರದೆಯ ಮುಂದೆ ಎರಡು ದಿನ ಕೂತು, ಶ್ರೀರಂಗ ಕಾಲೇಜಿಗೆ ಹೋದ ಹೊತ್ತಿನಲ್ಲಿ, ಆರು ಚೌಕಳಿ ಹಾಳೆಗಳಿಗೆ ಚಿತ್ತಾರವನ್ನು ಕೈಯಿಂದ ಇಳಿಸಿಕೊಂಡಳು. ಕೆಂಪು ಚೌಕವನ್ನೂ ಇಳಿಸಿಕೊಂಡಳು.

ಅವಳ ಜೊತೆ ಹೊಲಿಯುವವರು ಮೂವರು. ಜಯಾ, ಲಾಲಬಿ, ಮಾಬೂಬಿ. ನಾಲ್ವರೂ ಕಪ್ಪು ರೇಷ್ಮೆಯ ಸೆರಗಿಗೆ ಕೂತರು. ಇಪ್ಪತ್ತಾರು ದಿನ ಹಗಲೆಲ್ಲ ಅದೇ. ಎಡಗಡೆಯ ಮೂರನೇ ಮೆಟ್ಟಿಲಿಗೆ ಬಂದಾಗ ಜಗಳ ಆಯಿತು. ಸುಮೇಧಾ ಆ ಜಾಗಕ್ಕೆ ಗಂಟು ಹಾಕಬೇಕು ಎಂದಳು. ಲಾಲಬಿ ಆ ಮೂವರಲ್ಲಿ ಹಿರಿಯಳು, ಓಣಿಯಲ್ಲೇ ಚೊಕ್ಕ ಕೈಯವಳು, ಸೂಜಿ ಕೆಳಗಿಟ್ಟುಬಿಟ್ಟಳು. ಗಂಟು ಹಾಕಿದ ಸೀರೆ ತನ್ನ ಹೆಸರಿನಿಂದ ಹೊರಗೆ ಹೋಗುವುದು ಬೇಡ, ಮದುವೆಗೆ ಬಂದ ಹೆಂಗಸರು ಮಗುಚಿ ನೋಡಿ ನಗುತ್ತಾರೆ ಎಂದಳು. ಅದು ಅಂದಿನ ಹೆಂಗಸಿನ ತಪ್ಪು, ತಪ್ಪನ್ನೂ ಯಾರಾದರೂ ನಕಲು ಮಾಡುತ್ತಾರೆಯೇ ಎಂದಳು ಜಯಾ.

ಸುಮೇಧಾಳ ಕೈಯೂ ಒಪ್ಪುತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಹಂಗಂಗs ಎಂದು ತಾನು ಅಂದಿದ್ದೆ. ತಪ್ಪು ಬಿಟ್ಟು ಎಂದು ಅಂದಿರಲಿಲ್ಲ. ಕೊನೆಗೆ ಆ ಒಂದು ಹೊಲಿಗೆಯನ್ನು ಅವಳೇ ಹಾಕಿದಳು. ಹೊರಟ ಜಾಗಕ್ಕೆ ಮರಳಬೇಕಾದ ದಾರವನ್ನು ನಡುವೆಯೇ ನಿಲ್ಲಿಸಿ, ಗಂಟು ಬಿಗಿದು, ಹಲ್ಲಿನಿಂದ ಕಡಿದಳು. ಲಾಲಬಿ ಅತ್ತ ಮುಖ ಮಾಡಿ ಕೂತಿದ್ದಳು.

ಲಗ್ನದ ಮೂರು ದಿನ ಮೊದಲು ಸುಮೇಧಾ ಸೀರೆ ತೆಗೆದುಕೊಂಡು ಮುಗದಕ್ಕೆ ಹೋದಳು. ಲಾಲಬಿಯೂ ಜೊತೆಗೆ ಬಂದಳು. ತನ್ನ ಕೆಲಸದ ಮರ್ಯಾದೆ ಏನಾಗುತ್ತದೋ ನೋಡುವುದಿತ್ತು. ಪಡಸಾಲೆಯಲ್ಲಿ ಹೆಂಗಸರು ಸೇರಿದ್ದರು. ಗೀತಾಂಜಲಿ ಸೆರಗು ಬಿಡಿಸಿದಾಗ ಎಲ್ಲರೂ ಮುಂದೆ ಬಗ್ಗಿದರು. ಸಾವಕ್ಕ ಮಾತ್ರ ಗೋಪುರದ ಕಡೆ ನೋಡಲಿಲ್ಲ. ನೋಡಿದರೂ ಅವಳಿಗೆ ಮಸುಕೇ. ಸೆರಗನ್ನು ತೊಡೆಯ ಮೇಲೆ ಎಳೆದುಕೊಂಡು ಮಗುಚಿದಳು. ಒಳಮೈ ಮೇಲೆ ತೋರುಬೆರಳಿಟ್ಟು ಎಡ ಅಂಚಿನಿಂದ ಹೊರಟಳು. ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು. ಬೆರಳು ನಿಂತಿತು.

ಹೆಬ್ಬೆರಳೂ ಬಂದು ಸೇರಿತು. ಎರಡು ಬೆರಳಿನ ನಡುವೆ ಆ ಗಂಟನ್ನು ಹಿಡಿದು ಸವರಿದಳು. ಕಟ್ಟೆಯ ಮೇಲೆ ಕೂತು ಬರಿಯ ಸೆರಗನ್ನು ಸವರುತ್ತಿದ್ದ ಬೆರಳುಗಳು ಹತ್ತು ವರ್ಷ ಏನನ್ನು ಹುಡುಕುತ್ತಿದ್ದವು ಎಂದು ಸುಮೇಧಾಳಿಗೆ ಆಗ ತಿಳಿಯಿತು.

"ಇದನ್ನ ಯಾರು ಹಾಕಿದ್ರಿ?" ಎಂದಳು ಸಾವಕ್ಕ.

"ನಿಮ್ಮ ಅವ್ವ ಹಾಕಿದ್ದರಿ. ನಾ ಬರಕೊಂಡಿದ್ದೆ."

ಮುದುಕಿ ಗಂಟನ್ನು ಇನ್ನೊಮ್ಮೆ ಸವರಿದಳು. ಆಮೇಲೆ ಯಾರಿಗೆಂದೂ ಅಲ್ಲದೆ ಹೇಳಿದಳು. ತನ್ನ ಲಗ್ನಕ್ಕೆ ಗಂಡಿನವರ ಚಕ್ಕಡಿ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದುಬಿಟ್ಟಿತ್ತು. ಸೀರೆ ಇನ್ನೂ ಅವ್ವನ ಕೈಯಲ್ಲಿತ್ತು. ಹೊರಗೆ ಕರೆಯತೊಡಗಿದ್ದರು. ಅವ್ವ ಅಳುತ್ತ ಅಲ್ಲಿಗೇ ಗಂಟು ಹಾಕಿ ದಾರ ಕಡಿದಳು. ಜನ್ಮದಲ್ಲಿ ಗಂಟು ಹಾಕಿದವಳಲ್ಲ ಅವಳು. ಸಾವಕ್ಕನಿಗೆ ಆಗ ಹನ್ನೊಂದು ವರ್ಷ. ಗಂಡನ ಮನೆಯಲ್ಲಿ ಅವ್ವ ನೆನಪಾದಾಗೆಲ್ಲ ಸೆರಗಿನೊಳಗೆ ಕೈ ಹಾಕಿ ಅದನ್ನು ಹಿಡಿದುಕೊಂಡು ಕೂರುತ್ತಿದ್ದಳು.

ಲಾಲಬಿ ಕಣ್ಣೊರೆಸಿಕೊಂಡಳು. ಸಾವಕ್ಕ ಮೊಮ್ಮಗಳನ್ನು ಹತ್ತಿರ ಕರೆದು, ಅವಳ ತೋರುಬೆರಳು ಹಿಡಿದು ಎಡ ಅಂಚಿನಿಂದ ಒಂದೊಂದೇ ಮೆಟ್ಟಿಲು ಎಣಿಸುತ್ತ ತಂದು ಮೂರನೆಯದರ ಮೇಲೆ ಇಟ್ಟಳು.

"ಇಲ್ಲಿ ಐತಿ ನೋಡವಾ. ನೆಪ್ಪ ಇಟಗೋ."